ಪಿಟೀಲು ಚೌಡಯ್ಯ: ಬಟನ್ ಇಲ್ಲದ ಕಾಲದ ಏಳು ತಂತಿ

ಚೌಡಯ್ಯ ಹಾಲ್ ಅಂದ್ರೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಮಲ್ಲೇಶ್ವರದ ಪಕ್ಕ, ವೈಯಾಲಿಕಾವಲ್ ಹತ್ತಿರ ಪಿಟೀಲಿನ ಆಕಾರದಲ್ಲಿ ಕಟ್ಟಿರುವ ಸಭಾಂಗಣ. ಕುದುರೆ, ತಂತಿ, ಬಿರಡೆ, ಕಮಾನು ಎಲ್ಲವೂ ಅಲ್ಲಿ ಕಾಂಕ್ರೀಟು ಕಬ್ಬಿಣದಲ್ಲೇ ಇವೆ. ನಮ್ಮಲ್ಲಿ ಎಷ್ಟೋ ಜನ ಶಾಲೆಯ ವಾರ್ಷಿಕೋತ್ಸವಕ್ಕೆ ಅಲ್ಲಿಗೆ ಹೋಗಿದ್ದೇವೆ, ನಾಟಕ ನೋಡಿದ್ದೇವೆ, ಹೊರಗೆ ನಿಂತು ಫೋಟೋ ತೆಗೆಸಿಕೊಂಡಿದ್ದೇವೆ. ಆದ್ರೆ ಆ ಚೌಡಯ್ಯ ಯಾರು ಅಂತ ಕೇಳಿದ್ರೆ ಹೆಚ್ಚಿನವರ ಉತ್ತರ ಯಾರೋ ಪಿಟೀಲು ನುಡಿಸ್ತಿದ್ದೋರು ಅನ್ನೋದಕ್ಕಿಂತ ಮುಂದೆ ಹೋಗೋದಿಲ್ಲ.

ಈ ಸಂಚಿಕೆಯ ವ್ಯಕ್ತಿ ಪರಿಚಯಕ್ಕೆ ಅವರನ್ನೇ ಆರಿಸಿಕೊಂಡಿದ್ದಕ್ಕೆ ಒಂದು ಕಾರಣ ಇದೆ. ನಮ್ಮ ಸಂಘದ ವಾದ್ಯವೃಂದಕ್ಕೆ ಹೊಸದಾಗಿ ಸೇರುವ ಜೂನಿಯರ್‌ಗಳು ಪ್ರತಿ ವರ್ಷ ಕೇಳುವ ಮೊದಲ ಪ್ರಶ್ನೆ ಒಂದೇ: ಅರೇಂಜರ್ ಕೀಬೋರ್ಡಿನಲ್ಲಿ ನಾವು ಮಾಡಿಕೊಂಡ ಸೆಟ್ಟಿಂಗನ್ನು ಸೇವ್ ಮಾಡಿ, ವೇದಿಕೆ ಮೇಲೆ ಮತ್ತೆ ಕರೆಯೋದು ಹೇಗೆ? ಎರಡು ವಾಯ್ಸ್ ಕೂಡಿಸೋದು, ಒಂದನ್ನು ಒಂದು ಸ್ಥಾಯಿ ಮೇಲಿಡೋದು, ಹಾಡುವವರ ಶ್ರುತಿಗೆ ಟ್ರಾನ್ಸ್‌ಪೋಸ್ ಮಾಡೋದು, ಇದನ್ನೆಲ್ಲ ಒಂದು ಬಟನ್ನಿಗೆ ಕಟ್ಟಿಡೋದು. ಈ ಕೆಲಸಗಳಲ್ಲಿ ಮೊದಲ ಮೂರನ್ನು ಕರೆಂಟಿಲ್ಲದೆ, ಮರ ಮತ್ತು ತಂತಿಯಲ್ಲಿ ಮಾಡಿದವರು ಚೌಡಯ್ಯನವರು. ನಾಲ್ಕನೆಯದು, ಅಂದ್ರೆ ಕಟ್ಟಿಡೋದು, ಅವರ ವಿಷಯದಲ್ಲಿ ಏನಾಯಿತು ಅನ್ನೋದು ಯೋಚಿಸಬೇಕಾದ ಕತೆ.

ತಿರುಮಕೂಡಲಿನ ಹುಡುಗ

ಮೈಸೂರಿನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ತಿ. ನರಸೀಪುರ ಇದೆಯಲ್ಲ, ಆ ಊರಿನ ಹೆಸರಿನ ಮುಂದಿರುವ 'ತಿ' ಅಂದ್ರೆ ತಿರುಮಕೂಡಲು. ಕಾವೇರಿ ಮತ್ತು ಕಪಿಲೆ ಕೂಡುವ ಜಾಗ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಸೇರುತ್ತದೆ ಅನ್ನುವ ನಂಬಿಕೆ ಇರುವುದರಿಂದ ಅದು ತ್ರಿವೇಣಿ ಸಂಗಮ. ಈಚೆಗೆ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತದಲ್ಲ, ಅದೇ ಊರು. ಅಲ್ಲಿ 1895ರ ಜನವರಿ 1ರಂದು ಚೌಡಯ್ಯ ಹುಟ್ಟಿದರು. ಮುಂದೆ ತಾವೇ ಕೃತಿಗಳನ್ನು ರಚಿಸಿದಾಗ ಅವರು ಇಟ್ಟುಕೊಂಡ ಅಂಕಿತ 'ತ್ರಿಮಕುಟ'. ಊರನ್ನು ಅವರು ಕೊನೆಯವರೆಗೂ ಹೆಸರಿನಲ್ಲಿ, ಅಂಕಿತದಲ್ಲಿ ಹೊತ್ತುಕೊಂಡೇ ಇದ್ದರು.

1910ರ ಹೊತ್ತಿಗೆ ಹುಡುಗ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯನಾಗಿದ್ದ. ಕೃಷ್ಣಪ್ಪನವರು ಕರಾವಳಿಯ ನಂದಳಿಕೆಯಲ್ಲಿ 1866ರಲ್ಲಿ ಹುಟ್ಟಿ, ಮೈಸೂರಿಗೆ ಬಂದು ಅರಮನೆಯ ವಿದ್ವಾಂಸರಾದವರು. ದಾಸರ ಪದಗಳನ್ನು ಕಚೇರಿಯಲ್ಲಿ ಗಂಭೀರವಾಗಿ ಹಾಡಿ ಅವಕ್ಕೊಂದು ಸ್ಥಾನ ಕೊಟ್ಟವರು. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರೂ ಅವರೇ. ಶಿಸ್ತಿನ ವಿಷಯದಲ್ಲಿ ಬಹಳ ಬಿಗಿ.

ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ಕೃಷ್ಣಪ್ಪನವರು ಗಾಯಕರು. ಅಂದ್ರೆ ಚೌಡಯ್ಯ ಪಿಟೀಲು ಕಲಿತದ್ದು ಹಾಡುವವರ ಬಾಯಿಂದ. ಬೆರಳು ಎಲ್ಲಿಡಬೇಕು ಅನ್ನುವುದಕ್ಕಿಂತ ಮೊದಲು ಸ್ವರ ಗಂಟಲಲ್ಲಿ ಹೇಗೆ ತಿರುಗುತ್ತದೆ, ಸಾಹಿತ್ಯದ ಅಕ್ಷರ ಎಲ್ಲಿ ಬೀಳುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಅನ್ನೋದು ಕಿವಿಗೆ ಹತ್ತಬೇಕು. ಸುಮಾರು ಎಂಟು ವರ್ಷ ಈ ಪಾಠ ನಡೆಯಿತು. ನಮ್ಮ ಲೆಕ್ಕದಲ್ಲಿ ಎರಡು ಬಿ.ಇ. ಡಿಗ್ರಿ ಮುಗಿಸುವಷ್ಟು ಕಾಲ! ಆಮೇಲೆ ಗುರುಗಳ ಕಚೇರಿಗೇ ಪಕ್ಕವಾದ್ಯ ನುಡಿಸುತ್ತಾ ಚೌಡಯ್ಯ ವೇದಿಕೆಗೆ ಬಂದರು.

ಕೊನೆಯ ಸಾಲಿನವರ ತೊಂದರೆ

ಕರ್ನಾಟಕ ಸಂಗೀತದ ಕಚೇರಿಯಲ್ಲಿ ಪಿಟೀಲಿನವರ ಕೆಲಸ ಸುಲಭದ್ದಲ್ಲ. ಗಾಯಕರು ಒಂದು ಸಂಗತಿ ಹಾಡಿದರೆ ಅದನ್ನು ನೆರಳಿನಂತೆ ಹಿಡಿಯಬೇಕು, ಅವರು ನಿಲ್ಲಿಸಿದಾಗ ಜಾಗ ತುಂಬಬೇಕು, ರಾಗಾಲಾಪನೆಯಲ್ಲಿ ತಮ್ಮ ಸರದಿ ಬಂದಾಗ ಅದೇ ರಾಗವನ್ನು ತಮ್ಮದೇ ರೀತಿಯಲ್ಲಿ ಬಿಡಿಸಬೇಕು. ಇಷ್ಟೆಲ್ಲ ಮಾಡಿಯೂ ಸಭೆಯ ಕೊನೆಯ ಸಾಲಿಗೆ ಕೇಳಿಸದಿದ್ದರೆ?

1920ರ ದಶಕದಲ್ಲಿ ಮೈಕು ಇನ್ನೂ ನಮ್ಮ ಕಚೇರಿಗಳಿಗೆ ಬಂದಿರಲಿಲ್ಲ. ಮದುವೆ ಚಪ್ಪರ, ದೇವಸ್ಥಾನದ ಪ್ರಾಕಾರ, ರಾಮನವಮಿಯ ಪೆಂಡಾಲ್, ಎಲ್ಲಿ ಹಾಡಿದರೂ ಬರಿಯ ಗಂಟಲು, ಬರಿಯ ವಾದ್ಯ. ಗಾಯಕರು ಗಂಟಲನ್ನು ತಾರಕಕ್ಕೆ ಏರಿಸಿ ಹಾಡುವ ಕಾಲ ಅದು. ಮೃದಂಗಕ್ಕೆ ಸಹಜವಾಗಿಯೇ ಗಟ್ಟಿ ಧ್ವನಿ. ಇವರಿಬ್ಬರ ನಡುವೆ ಪಿಟೀಲು.

ನಾವು ಭೌತಶಾಸ್ತ್ರದ ಲ್ಯಾಬಿನಲ್ಲಿ ಮಾಡಿದ ಲೆಕ್ಕವನ್ನೇ ಇಲ್ಲಿ ಹಾಕಿ ನೋಡಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 5 ಮೀಟರ್ ದೂರದಲ್ಲಿ ಕೂತವರಿಗೂ 40 ಮೀಟರ್ ದೂರದಲ್ಲಿ ಕೂತವರಿಗೂ ನಡುವೆ ಮೂರು ಸಲ ಎರಡು ಪಟ್ಟು, ಅಂದ್ರೆ 18 ಡೆಸಿಬೆಲ್ ವ್ಯತ್ಯಾಸ. ಬಟ್ಟೆಯ ಪೆಂಡಾಲಿನಲ್ಲಿ ಶಬ್ದವನ್ನು ಹಿಂದಕ್ಕೆ ಕಳಿಸುವ ಗೋಡೆಯೂ ಇಲ್ಲ. ಮುಂದಿನ ಸಾಲಿನಲ್ಲಿ ಚೆನ್ನಾಗಿ ಕೇಳುವ ಪಿಟೀಲು ಹಿಂದೆ ಜನರ ಪಿಸುಮಾತು, ಮಕ್ಕಳ ಅಳು, ಬೀಸಣಿಗೆ ಸದ್ದಿನಲ್ಲಿ ಕರಗಿ ಹೋಗುತ್ತದೆ.

ಈ ತೊಂದರೆಗೆ ಎರಡು ದಾರಿ ಇದ್ದವು. ಒಂದು, ಕಮಾನನ್ನು ಇನ್ನಷ್ಟು ಒತ್ತಿ ಉಜ್ಜೋದು. ಒತ್ತಡ ಒಂದು ಮಿತಿ ದಾಟಿದರೆ ನಾದ ಹೋಗಿ ಕೀರಲು ಬರುತ್ತದೆ. ಎರಡು, ವಾದ್ಯವನ್ನೇ ಬದಲಿಸೋದು. ಚೌಡಯ್ಯನವರು ಎರಡನೆಯದನ್ನು ಹಿಡಿದರು.

ನಾಲ್ಕಕ್ಕೆ ಮೂರು ಕೂಡಿಸಿದರೆ

ಪಿಟೀಲು ಪಶ್ಚಿಮದಿಂದ ಬಂದದ್ದು ಅಂತ ನಮಗೆಲ್ಲ ಗೊತ್ತು. ಅಲ್ಲಿ ಅದರ ನಾಲ್ಕು ತಂತಿಗಳ ಶ್ರುತಿ ಗೊತ್ತುಪಡಿಸಿದ್ದು: ಜಿ, ಡಿ, ಎ, ಇ. ನಮ್ಮಲ್ಲಿ ಅದನ್ನು ಸ-ಪ-ಸ-ಪ ಅಂತ ಕೂಡಿಸುತ್ತೇವೆ. ಷಡ್ಜ ಯಾವುದು ಅನ್ನೋದು ಹಾಡುವವರ ಗಂಟಲಿನ ಮೇಲೆ ಹೋಗುತ್ತದೆ. ಒಂದು ಮನೆ, ಒಂದೂವರೆ ಮನೆ, ಹೆಣ್ಣುಮಕ್ಕಳಾದರೆ ಐದು ಮನೆ, ಹೀಗೆ. ಅಂದ್ರೆ ಕೀಬೋರ್ಡಿನಲ್ಲಿ ನಾವು ಟ್ರಾನ್ಸ್‌ಪೋಸ್ ಒತ್ತುವ ಕೆಲಸವನ್ನು ಪಿಟೀಲಿನವರು ಪ್ರತಿ ಕಚೇರಿಯಲ್ಲೂ ಬಿರಡೆ ತಿರುವಿ ಮಾಡಬೇಕು.

1920ರ ದಶಕ ಮುಗಿಯುವ ಹೊತ್ತಿಗೆ ಚೌಡಯ್ಯನವರ ಕೈಯಲ್ಲಿ ಏಳು ತಂತಿಯ ಪಿಟೀಲಿತ್ತು. ಇದ್ದ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ, ಒಂದು ಸ್ಥಾಯಿಯ ಅಂತರದಲ್ಲಿ. ಒಂದೇ ಬೆರಳು ಎರಡೂ ತಂತಿಯನ್ನು ಒತ್ತಬೇಕು, ಒಂದೇ ಕಮಾನು ಎರಡನ್ನೂ ನುಡಿಸಬೇಕು. ಕೇಳುವವರಿಗೆ ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಬರುತ್ತದೆ. ಕೀಬೋರ್ಡಿನಲ್ಲಿ ನಾವು ಡ್ಯುಯಲ್ ವಾಯ್ಸ್ ಆನ್ ಮಾಡಿ ಎರಡನೆಯದರ ಆಕ್ಟೇವ್ ಬದಲಿಸುತ್ತೇವಲ್ಲ, ಹೆಚ್ಚುಕಡಿಮೆ ಅದೇ!

ಇದರಿಂದ ಶಬ್ದ ಯಾಕೆ ದೂರ ಹೋಗುತ್ತದೆ? ಎರಡು ಸಮಾನ ಮೂಲಗಳು ಸೇರಿದರೆ ಸಿಗುವುದು 3 ಡೆಸಿಬೆಲ್ ಅಷ್ಟೇ. ಕಮಾನಿನ ಶಕ್ತಿ ಒಂದೇ ಆಗಿರುವುದರಿಂದ ಅದೂ ಪೂರ್ತಿ ಸಿಗೋದಿಲ್ಲ. ನಿಜವಾದ ಲಾಭ ಬೇರೆ ಕಡೆ ಇದೆ. ಮೇಲಿನ ಸ್ಥಾಯಿಯ ತಂತಿ ಮೂಲ ಸ್ವರದ ಸಮ ಸಂಖ್ಯೆಯ ಹಾರ್ಮೋನಿಕ್‌ಗಳಿಗೆಲ್ಲ ಬಲ ಕೊಡುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಸುಮಾರು 2ರಿಂದ 5 ಕಿಲೋಹರ್ಟ್ಸ್ ನಡುವೆ. ಆ ಭಾಗಕ್ಕೆ ಶಕ್ತಿ ಸೇರಿದರೆ ಮೀಟರಿನಲ್ಲಿ ಕಾಣುವುದಕ್ಕಿಂತ ಹೆಚ್ಚು ಗಟ್ಟಿಯಾಗಿ ಕೇಳಿಸುತ್ತದೆ. ಚೌಡಯ್ಯನವರ ಬಳಿ ಸ್ಪೆಕ್ಟ್ರಮ್ ಅನಲೈಸರ್ ಇರಲಿಲ್ಲ. ಕಿವಿ ಇತ್ತು.

ಮೆಕ್ಯಾನಿಕಲ್‌ನವರು ಈಗ ಇನ್ನೊಂದು ಪ್ರಶ್ನೆ ಕೇಳಬೇಕು: ಇಷ್ಟು ತಂತಿ ಹಾಕಿದರೆ ವಾದ್ಯ ತಡೆದುಕೊಳ್ಳುತ್ತದಾ? ತಂತಿಯ ಕಂಪನಾಂಕ ಎಳೆತದ ವರ್ಗಮೂಲಕ್ಕೆ ಅನುಗುಣ. ಅದೇ ಉದ್ದದಲ್ಲಿ, ಅದೇ ತಂತಿಯಲ್ಲಿ ಒಂದು ಸ್ಥಾಯಿ ಮೇಲೆ ಹೋಗಬೇಕಾದರೆ ನಾಲ್ಕು ಪಟ್ಟು ಎಳೆಯಬೇಕು. ಎಳೆತ ಹಾಗೇ ಇರಬೇಕಾದರೆ ಅರ್ಧ ದಪ್ಪದ ತಂತಿ ಹಾಕಬೇಕು. ಹೇಗೆ ಮಾಡಿದರೂ ಮೂರು ಹೊಸ ತಂತಿಗಳ ಎಳೆತ ಕುದುರೆಯ ಮೂಲಕ ತೆಳು ಮರದ ಹೊಟ್ಟೆಯ ಮೇಲೆ ಬೀಳುತ್ತದೆ. ಕುದುರೆಯಲ್ಲಿ ಏಳು ಗೀರು ಬೇಕು, ಜೊತೆ ತಂತಿಗಳ ಅಂತರ ಒಂದು ಬೆರಳಿನ ತುದಿಗೆ ಹೊಂದಬೇಕು, ಆದರೂ ಪಕ್ಕದ ಜೋಡಿಗೆ ಕಮಾನು ತಾಗಬಾರದು. ಇನ್ನು ಬಿರಡೆ ಏಳು. ನಾಲ್ಕಕ್ಕೆಂದೇ ಮಾಡಿದ ತಲೆಯಲ್ಲಿ ಏಳು.

ಆಮೇಲೆ ನುಡಿಸುವ ಕಷ್ಟ. ಜೊತೆ ತಂತಿ ಒಂದು ಚೂರು ಇಳಿದರೂ ಸಾಕು, ಎರಡೂ ಸೇರಿ ಅಲೆಅಲೆಯಾಗಿ ಬಡಿದುಕೊಳ್ಳುತ್ತವೆ. ನಮ್ಮ ಪಠ್ಯಪುಸ್ತಕದ ಬೀಟ್ಸ್ ಅಂದ್ರೆ ಇದೇ. ನಮ್ಮ ಸಂಗೀತವಂತೂ ಒಂದು ಸ್ವರದ ಮೇಲೆ ಸುಮ್ಮನೆ ನಿಲ್ಲುವುದಲ್ಲ. ಗಮಕದಲ್ಲಿ ಬೆರಳು ಜಾರುತ್ತಲೇ ಇರುತ್ತದೆ. ದಪ್ಪ ತಂತಿ, ತೆಳು ತಂತಿ ಎರಡೂ ಒಂದೇ ಬೆರಳಿನ ಕೆಳಗೆ ಒಂದೇ ಅಳತೆಯಲ್ಲಿ ಏರಿ ಇಳಿಯಬೇಕು. ತೋಡಿಯ ಗಾಂಧಾರವನ್ನು ಹೀಗೆ ಎರಡು ಸ್ಥಾಯಿಯಲ್ಲಿ ಒಟ್ಟಿಗೆ ತೂಗುವುದು ಅಂದ್ರೆ ಹುಡುಗಾಟ ಅಲ್ಲ. ಚೌಡಯ್ಯನವರು ಇದನ್ನು ಒಂದು ಸಲದ ಪ್ರದರ್ಶನಕ್ಕೆ ಮಾಡಲಿಲ್ಲ. ದಶಕಗಳ ಕಾಲ ದೊಡ್ಡ ದೊಡ್ಡ ಗಾಯಕರ ಪಕ್ಕದಲ್ಲಿ ಕೂತು ಈ ವಾದ್ಯದಲ್ಲೇ ನುಡಿಸಿದರು. ಅವರಲ್ಲಿ ಎಲ್ಲರೂ ನೆನೆಯುವ ಜೋಡಿ ಚೆಂಬೈ ವೈದ್ಯನಾಥ ಭಾಗವತರದ್ದು. ಪಾಲಕ್ಕಾಡಿನ ಕಡೆಯ ಭಾಗವತರದ್ದು ಕಂಚಿನ ಕಂಠ. ಅಂಥ ಕಂಠದ ಪಕ್ಕ ಏಳು ತಂತಿಯೇ ಬೇಕಿತ್ತು.

ಅದೇ ತಿಂಗಳು ಹುಟ್ಟಿದ ಇನ್ನೊಬ್ಬ

ಇಲ್ಲಿ ಸ್ವಲ್ಪ ಅಮೆರಿಕಕ್ಕೆ ಹೋಗಿ ಬರೋಣ. ಚೌಡಯ್ಯ ಹುಟ್ಟಿದ ಹತ್ತೇ ದಿನಕ್ಕೆ, 1895ರ ಜನವರಿ 11ರಂದು, ಇಲಿನಾಯ್ ರಾಜ್ಯದ ಇವಾನ್‌ಸ್ಟನ್ ಊರಿನಲ್ಲಿ ಲಾರೆನ್ಸ್ ಹ್ಯಾಮಂಡ್ ಹುಟ್ಟಿದ. ಕಾರ್ನೆಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ. ಗಡಿಯಾರದ ಕಂಪನಿ ನಡೆಸಿದ. ಸಂಗೀತ ವಾದ್ಯ ನುಡಿಸಲು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಗಡಿಯಾರಕ್ಕೆ ಮಾಡಿದ್ದ ಸಿಂಕ್ರೊನಸ್ ಮೋಟಾರನ್ನೇ ಬಳಸಿ ಹಲ್ಲಿನ ಚಕ್ರಗಳನ್ನು ಅಯಸ್ಕಾಂತದ ಮುಂದೆ ತಿರುಗಿಸಿ ಸ್ವರ ಹುಟ್ಟಿಸಿದ. 1935ರಲ್ಲಿ ಮಾರುಕಟ್ಟೆಗೆ ಬಂದ ಹ್ಯಾಮಂಡ್ ಆರ್ಗನ್ ಅದು.

ಅದರಲ್ಲಿ ಡ್ರಾಬಾರ್ ಅನ್ನುವ ಎಳೆಯುವ ಪಟ್ಟಿಗಳಿದ್ದವು. ಒಂದು ಗುಂಪಿಗೆ ಒಂಬತ್ತು, ಪ್ರತಿಯೊಂದಕ್ಕೂ 0ಯಿಂದ 8ರವರೆಗೆ ಒಂಬತ್ತು ಹಂತ. ಒಟ್ಟು ಎಷ್ಟು ಬಗೆ ಆಯಿತು? 9ರ ಘಾತ 9, ಅಂದ್ರೆ 38,74,20,489. ಇಷ್ಟರಲ್ಲಿ ತನಗೆ ಬೇಕಾದ ಧ್ವನಿಯನ್ನು ಹಾಡಿನ ಮಧ್ಯೆ ಎಳೆದು ಹುಡುಕುವಷ್ಟು ಪುರುಸೊತ್ತು ಯಾರಿಗಿದೆ? ಅದಕ್ಕೆ ಹ್ಯಾಮಂಡ್ ಕೀಲಿಮಣೆಯ ಎಡತುದಿಗೆ ಬಣ್ಣ ತಿರುಗಿಸಿದ ಹನ್ನೆರಡು ಕೀಲಿಗಳನ್ನು ಇಟ್ಟ. ಬಿಳಿ ಇರಬೇಕಾದಲ್ಲಿ ಕಪ್ಪು, ಕಪ್ಪು ಇರಬೇಕಾದಲ್ಲಿ ಬಿಳಿ. ಇವುಗಳಲ್ಲಿ ಒಂಬತ್ತನ್ನು ಒತ್ತಿದರೆ ಮೊದಲೇ ಕೂಡಿಸಿಟ್ಟ ಧ್ವನಿಗಳು ತಟ್ಟನೆ ಬರುತ್ತಿದ್ದವು. ಆ ಕೂಡಿಕೆಯನ್ನು ಬದಲಿಸಬೇಕಾದರೆ ಆರ್ಗನ್ನಿನ ಹಿಂಬದಿ ತೆಗೆದು, ಸ್ಕ್ರೂಡ್ರೈವರ್ ಹಿಡಿದು, ಬಣ್ಣಬಣ್ಣದ ವೈರುಗಳನ್ನು ಬಿಚ್ಚಿ ಬೇರೆ ಕಡೆ ಬಿಗಿಯಬೇಕು. ಸೇವ್ ಮಾಡೋದು ಅಂದ್ರೆ ಅಂದು ಹಾಗೆ!

1978ರಲ್ಲಿ ಕ್ಯಾಲಿಫೋರ್ನಿಯಾದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ತಂದ ಪ್ರಾಫೆಟ್-5 ಸಿಂಥಸೈಜರ್‌ನಲ್ಲಿ ಮೈಕ್ರೊಪ್ರೊಸೆಸರ್ ಕೂತಿತು. ನುಡಿಸುವವರು ತಾವು ತಿರುವಿದ ಗುಂಡಿಗಳ ಸ್ಥಾನವನ್ನೆಲ್ಲ 40 ಮೆಮೊರಿಗಳಲ್ಲಿ ಇಟ್ಟುಕೊಳ್ಳಬಹುದಾಯಿತು. ಸ್ಕ್ರೂಡ್ರೈವರ್ ಬಾಕ್ಸಿಗೆ ಹೋಯಿತು.

ನಮ್ಮ ಕೀಬೋರ್ಡಿನ ಮಟ್ಟಿಗೆ

ಜೂನಿಯರ್‌ಗಳ ಪ್ರಶ್ನೆಗೂ ಇಲ್ಲೇ ಉತ್ತರ ಕೊಟ್ಟುಬಿಡೋಣ. ಇವತ್ತಿನ ಅರೇಂಜರ್ ಕೀಬೋರ್ಡುಗಳಲ್ಲಿ ಇದಕ್ಕೆ ರಿಜಿಸ್ಟ್ರೇಷನ್ ಮೆಮೊರಿ ಅಂತ ಹೆಸರು. ವಾಯ್ಸ್, ಅದರ ಜೊತೆಯ ಎರಡನೆಯ ವಾಯ್ಸ್, ಎಡಗೈಗೆ ಬೇರೆ ವಾಯ್ಸ್ ಆದರೆ ಸ್ಪ್ಲಿಟ್ ಎಲ್ಲಿ, ಸ್ಟೈಲ್ ಯಾವುದು, ಟೆಂಪೊ ಎಷ್ಟು, ಯಾವುದರ ವಾಲ್ಯೂಮ್ ಎಷ್ಟು, ಟ್ರಾನ್ಸ್‌ಪೋಸ್ ಎಷ್ಟು, ಇದೆಲ್ಲವೂ ಒಂದು ನಂಬರಿನಲ್ಲಿ ಕೂರುತ್ತದೆ. ಸಾಮಾನ್ಯವಾಗಿ ಬ್ಯಾಂಕ್ ಆರಿಸಿಕೊಂಡು, ಮೆಮೊರಿ ಬಟನ್ ಹಿಡಿದುಕೊಂಡೇ ನಂಬರ್ ಒತ್ತಿದರೆ ಸೇವ್; ಬರೀ ನಂಬರ್ ಒತ್ತಿದರೆ ರೀಕಾಲ್.

ನೆನಪಿಡಬೇಕಾದ್ದು ನಾಲ್ಕು. ಒಂದು, ಸಣ್ಣ ಮಾಡೆಲ್‌ಗಳಲ್ಲಿ ಹೆಚ್ಚಿನವು ಹಳೆಯದರ ಮೇಲೆ ಹೊಸದನ್ನು ಬರೆಯುವಾಗ ಕೇಳೋದಿಲ್ಲ. ಇದ್ದದ್ದು ಹೋಯಿತು ಅಂತಲೇ ಲೆಕ್ಕ. ಎರಡು, ಟ್ರಾನ್ಸ್‌ಪೋಸ್ ಕೂಡ ಸೇವ್ ಆಗುವ ಮಾಡೆಲ್ ಆದರೆ, ಹಾಡಿನ ಮಧ್ಯೆ ಬೇರೆ ನಂಬರ್ ಒತ್ತಿದಾಗ ಶ್ರುತಿಯೇ ಜಿಗಿಯಬಹುದು. ಒಂದು ಹಾಡಿಗೆ ಬೇಕಾದ ನಂಬರುಗಳಲ್ಲೆಲ್ಲ ಒಂದೇ ಟ್ರಾನ್ಸ್‌ಪೋಸ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಮೂರು, ಸ್ಟೈಲ್ ಓಡುತ್ತಿರುವಾಗ ವಾಯ್ಸ್ ಮಾತ್ರ ಬದಲಾಗಬೇಕಿದ್ದರೆ ಫ್ರೀಜ್ ಅನ್ನುವ ಆಯ್ಕೆ ಹುಡುಕಿ; ಟೆಂಪೊ, ಸ್ಟೈಲ್ ಅಲ್ಲಾಡದೆ ನಿಲ್ಲುತ್ತವೆ. ನಾಲ್ಕು, ಯುಎಸ್‌ಬಿಗೋ ಕಂಪ್ಯೂಟರಿಗೋ ಒಂದು ಪ್ರತಿ ತೆಗೆದಿಡಿ, ಜೊತೆಗೆ ಯಾವ ಬ್ಯಾಂಕಿನ ಯಾವ ನಂಬರ್ ಯಾವ ಹಾಡಿಗೆ ಅಂತ ಕಾಗದದಲ್ಲಿ ಬರೆದಿಡಿ. ರಾಜ್ಯೋತ್ಸವದ ವೇದಿಕೆಯ ಮಬ್ಬು ಬೆಳಕಿನಲ್ಲಿ ಆ ಚಿಕ್ಕ ಸ್ಕ್ರೀನಿಗಿಂತ ಕಾಗದವೇ ಬೇಗ ಕಾಣೋದು.

ನಾಲ್ಕನೆಯ ಮಾತು ಯಾಕೆ ಮುಖ್ಯ ಅಂದ್ರೆ, ಮೆಮೊರಿಯಲ್ಲಿ ಇರೋದು ಬರೀ ಅಂಕಿಗಳು. ಆ ವಾಯ್ಸನ್ನು ಯಾಕೆ ಆರಿಸಿದಿರಿ, ಎರಡನೆಯ ವಾಯ್ಸನ್ನು ಎಷ್ಟು ಕೆಳಗಿಟ್ಟರೆ ಹಾಡುವವರ ಗಂಟಲು ಮುಳುಗೋದಿಲ್ಲ, ಇದನ್ನು ಕೀಬೋರ್ಡ್ ನೆನಪಿಡೋದಿಲ್ಲ. ಅದು ನುಡಿಸುವವರ ತಲೆಯಲ್ಲೇ ಇರುತ್ತದೆ. ಅವರು ಫೈನಲ್ ಇಯರ್ ಮುಗಿಸಿ ಹೋದ ಮೇಲೆ? ಈಗ ಚೌಡಯ್ಯನವರ ಕಡೆಗೆ ವಾಪಸ್ ಬರೋಣ.

ಕಚೇರಿಯ ಆಚೆ

ಗುರು ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಶಿಷ್ಯನ ಹೆಸರು ದಕ್ಷಿಣ ಭಾರತದಲ್ಲೆಲ್ಲ ಹರಡಿತ್ತು. ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾದರು. ಮದರಾಸಿನ ಕಚೇರಿಗಳಲ್ಲಿ ಮೈಸೂರು ಚೌಡಯ್ಯ ಅಂದರೆ ಏಳು ತಂತಿ, ಏಳು ತಂತಿ ಅಂದರೆ ಮೈಸೂರು ಚೌಡಯ್ಯ ಅನ್ನುವಂತಾಯಿತು. ನಮ್ಮವರ ಬಾಯಲ್ಲಿ ಮಾತ್ರ ಅವರು ಪಿಟೀಲು ಚೌಡಯ್ಯನವರೇ.

ವೇದಿಕೆಯಲ್ಲಿ ಇಷ್ಟು ಬಿಡುವಿಲ್ಲದವರು ಅಲ್ಲಿಗೇ ನಿಲ್ಲಲಿಲ್ಲ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಕಟ್ಟಿದರು. ಶಿಷ್ಯರನ್ನು ಬೆಳೆಸಿದರು, ಬೆಂಗಳೂರಿನ ವಿ. ಸೇತುರಾಮಯ್ಯ, ತಮಿಳುನಾಡಿನ ಕಂಡದೇವಿ ಅಳಗಿರಿಸ್ವಾಮಿ ಅವರಲ್ಲಿ ಹೆಸರಾದವರು. ತ್ರಿಮಕುಟ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು.

ಇಷ್ಟು ಸಾಲದು ಅಂತ ಸಿನಿಮಾಕ್ಕೂ ಕೈಹಾಕಿದರು! 1943ರಲ್ಲಿ ಬಂದ 'ವಾಣಿ' ಚಿತ್ರದ ಹಿಂದೆ ಇದ್ದವರು ಅವರೇ. ನಿರ್ದೇಶನ ನಾಟಕರಂಗದ ಕೆ. ಹಿರಣ್ಣಯ್ಯನವರದ್ದು, ಅಂದ್ರೆ ಮಾಸ್ಟರ್ ಹಿರಣ್ಣಯ್ಯನವರ ತಂದೆಯದ್ದು. ಮುಂದೆ ಕನ್ನಡ ಚಿತ್ರರಂಗದ ತಾಯಿ ಪಾತ್ರಕ್ಕೇ ಹೆಸರಾದ ಪಂಢರೀಬಾಯಿಯವರ ಮೊದಲ ಚಿತ್ರ ಇದು. ಚೆಂಬೈ ಭಾಗವತರು ಮತ್ತು ಚೌಡಯ್ಯನವರು ಕಚೇರಿ ನಡೆಸುವ ದೃಶ್ಯವೂ ಅದರಲ್ಲಿತ್ತು. ಕನ್ನಡದಲ್ಲಿ ಮಾತಿನ ಚಿತ್ರ ಶುರುವಾಗಿ ಹತ್ತು ವರ್ಷವೂ ಆಗಿರಲಿಲ್ಲ. ಹಾಡುವುದನ್ನು, ನುಡಿಸುವುದನ್ನು ಕಿವಿಯ ಜೊತೆ ಕಣ್ಣಿಗೂ ಉಳಿಸುವ ಸಾಧನ ಅದೊಂದೇ ಆಗಿದ್ದ ಕಾಲದಲ್ಲಿ ಒಬ್ಬ ಪಿಟೀಲು ವಿದ್ವಾಂಸರು ಅದಕ್ಕೆ ಮುಂದಾದರು ಅನ್ನೋದು ಸಣ್ಣ ಮಾತಲ್ಲ.

1957 ಅವರ ಬಾಳಿನ ದೊಡ್ಡ ವರ್ಷ. ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು, ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಅದೇ ವರ್ಷದ್ದು. ಆ ಕಾಲದಲ್ಲಿ ದೊಡ್ಡ ಗೌರವಗಳು ಹೆಚ್ಚಾಗಿ ಗಾಯಕರ ಪಾಲಾಗುತ್ತಿದ್ದವು. ಪಕ್ಕದಲ್ಲಿ ಕೂರುವವರೊಬ್ಬರಿಗೆ ಕಲಾನಿಧಿ ಬಂದದ್ದು ಕೇಳಿಸಬೇಕು ಅಂತ ಮೂವತ್ತು ವರ್ಷ ಹೋರಾಡಿದವರಿಗೆ ಸಿಕ್ಕ ಉತ್ತರವೇ ಸರಿ.

1967ರ ಜನವರಿ 19ರಂದು ಚೌಡಯ್ಯನವರು ತೀರಿಕೊಂಡರು. ಆಗಷ್ಟೇ 72 ತುಂಬಿತ್ತು. ನಮ್ಮ ರಾಜ್ಯದ ಹೆಸರು ಆಗ ಇನ್ನೂ ಮೈಸೂರು.

ಉಳಿದದ್ದು, ಉಳಿಯದ್ದು

ಏಳು ತಂತಿಯ ಗತಿ ಏನಾಯಿತು? ಅದನ್ನು ಬೇಡವಾಗಿಸಿದ್ದು ಮೈಕು. ಧ್ವನಿವರ್ಧಕ ನಿಧಾನವಾಗಿ ಪೆಂಡಾಲುಗಳಿಗೆ, ಸಭೆಗಳಿಗೆ ಬಂತು. ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವನ್ನೇ ನೋಡಿ. ಇವತ್ತು ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ಎಷ್ಟು ಹಿಂದೆ ಕೂತರೂ ಪಿಟೀಲಿನ ಸಣ್ಣ ಎಳೆಯೂ ಸ್ಪೀಕರಿನಲ್ಲಿ ಕೇಳುತ್ತದೆ. ಕೊನೆಯ ಸಾಲಿನವರ ತೊಂದರೆಯನ್ನು ಎಲೆಕ್ಟ್ರಾನಿಕ್ಸ್‌ನವರು ಬಗೆಹರಿಸಿದರು. ಕಾರಣ ಹೋದ ಮೇಲೆ, ಏಳು ಬಿರಡೆ ತಿರುವುವ ಕಷ್ಟವನ್ನು ಮೈಮೇಲೆ ಎಳೆದುಕೊಳ್ಳುವವರು ಕಡಿಮೆಯಾದರು. ಬಸವನಗುಡಿಯ ಗಾಯನ ಸಮಾಜಕ್ಕೋ (1905ರಿಂದ ಇರುವ ಸಭೆ ಅದು) ಮಲ್ಲೇಶ್ವರದ ಸೇವಾಸದನಕ್ಕೋ ಹೋಗಿ ಕಚೇರಿ ಕೇಳಿ ನೋಡಿ. ನಿಮಗೆ ಕಾಣುವುದು ಹೆಚ್ಚಾಗಿ ನಾಲ್ಕು ತಂತಿಯ ಪಿಟೀಲೇ.

ಮೈಕು ಕೊಟ್ಟದ್ದು ಮಾತ್ರ ಚೌಡಯ್ಯನವರು ಹುಡುಕಿದ್ದಕ್ಕೆ ಸರಿಸಮ ಅಲ್ಲ ಅಂತ ನಮಗೆ ಅನ್ನಿಸುತ್ತದೆ. ಆಂಪ್ಲಿಫೈಯರ್ ಇದ್ದದ್ದನ್ನೇ ದೊಡ್ಡದು ಮಾಡುತ್ತದೆ. ಜೊತೆ ತಂತಿ ಇಲ್ಲದ್ದೊಂದು ಬಣ್ಣವನ್ನು ಕೂಡಿಸುತ್ತದೆ. ದೂರಕ್ಕೆ ಕೇಳಿಸಬೇಕು ಅಂತ ಹುಟ್ಟಿದ್ದು ಬೇರೆಯದೇ ಒಂದು ನಾದವಾಗಿ ನಿಂತಿತ್ತು. ಹಳೆಯ ರೆಕಾರ್ಡಿಂಗುಗಳಲ್ಲಿ ಅದನ್ನು ಈಗಲೂ ಕೇಳಬಹುದು. ಹೆಡ್‌ಫೋನ್ ಹಾಕಿಕೊಂಡು, ಗಾಯಕರನ್ನು ಬಿಟ್ಟು ಪಿಟೀಲಿನ ಮೇಲೆ ಮಾತ್ರ ಗಮನ ಇಡಿ. ಒಬ್ಬರೇ ನುಡಿಸುತ್ತಿದ್ದಾರೆ ಅಂತ ಗೊತ್ತಿದ್ದರೂ ಇಬ್ಬರಿದ್ದಾರೇನೋ ಅನ್ನಿಸುತ್ತದೆ.

ಧ್ವನಿ ಉಳಿದಿದೆ. ಆದರೆ ಆ ಧ್ವನಿಯನ್ನು ಮತ್ತೆ ತರುವ ದಾರಿ? ಯಾವ ದಪ್ಪದ ತಂತಿ, ಕುದುರೆಯ ಎತ್ತರ ಎಷ್ಟು, ಜೋಡಿಗಳ ನಡುವೆ ಎಷ್ಟು ಅಂತರ, ಇದನ್ನು ವಾದ್ಯ ಎದುರಿಗಿದ್ದರೆ ಕ್ಯಾಲಿಪರ್ ಹಿಡಿದು ನಾವೇ ಅಳೆದುಬಿಡಬಹುದು. ಕಮಾನಿನ ಭಾರವನ್ನು ಎರಡು ತಂತಿಗೆ ಹೇಗೆ ಹಂಚಬೇಕು, ಯಾವ ರಾಗದಲ್ಲಿ ಜೊತೆ ತಂತಿಯನ್ನು ಮುಂದಕ್ಕೆ ತರಬೇಕು, ಯಾವಾಗ ಹಿಂದಕ್ಕೆ ಸರಿಸಬೇಕು, ಇದು ಕ್ಯಾಲಿಪರಿಗೆ ಸಿಗೋದಿಲ್ಲ. ಅದು ಒಂದು ಕೈಯಿಂದ ಇನ್ನೊಂದು ಕೈಗೆ, ಎಂಟು ಹತ್ತು ವರ್ಷ ಜೊತೆಗೆ ಕೂತು ದಾಟಬೇಕಾದ ವಿದ್ಯೆ. ಚೌಡಯ್ಯನವರು ಕೃಷ್ಣಪ್ಪನವರಿಂದ ಪಡೆದದ್ದು ಹಾಗೇ ತಾನೆ?

ಅವರ ನೆನಪಿಗೆ ಕೆ. ಕೆ. ಮೂರ್ತಿಯವರು ಪಿಟೀಲಿನ ಆಕಾರದ ಸಭಾಂಗಣದ ಕನಸು ಕಂಡು, ಓಡಾಡಿ, 1980ರಲ್ಲಿ ಅದನ್ನು ಬೆಂಗಳೂರಿಗೆ ಕೊಟ್ಟರು. ಮೈಸೂರಿನವರಿಗೆ ಬೆಂಗಳೂರಿನಲ್ಲಿ ಸ್ಮಾರಕ. ರಾಜ್ಯ ಸರ್ಕಾರ ಸಂಗೀತಗಾರರಿಗೆ ಕೊಡುವ ಒಂದು ಪ್ರಶಸ್ತಿಗೂ ಚೌಡಯ್ಯನವರ ಹೆಸರಿದೆ. ಹೆಸರಿಗೇನೂ ಕೊರತೆ ಆಗಿಲ್ಲ.

ನಮ್ಮ ಓದುಗರಲ್ಲಿ ಮೆಕ್ಯಾನಿಕಲ್‌ನವರಿದ್ದೀರಿ, ಇಸಿಯವರಿದ್ದೀರಿ, ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿ ಪಿಟೀಲನ್ನು ಮಂಚದ ಕೆಳಗೆ ತಳ್ಳಿದವರೂ ಇದ್ದೀರಿ ಅಂತ ನಮಗೆ ಗೊತ್ತು. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಸಿಗುತ್ತಿಲ್ಲ ಅಂತ ಕ್ಯಾಂಟೀನಿನಲ್ಲಿ ತಲೆ ಕೆರೆದುಕೊಳ್ಳುವವರಿಗೆ ಒಂದು ಸಲಹೆ: ಏಳು ತಂತಿಯ ಕುದುರೆಯ ಮೇಲೆ ಬೀಳುವ ಭಾರದ ಲೆಕ್ಕ, ಜೋಡಿ ತಂತಿಯ ಸ್ಪೆಕ್ಟ್ರಮ್, ಹಳೆಯ ರೆಕಾರ್ಡಿಂಗಿನಿಂದ ಶ್ರುತಿ ಪತ್ತೆ ಹಚ್ಚುವುದು, ಮೂರರಲ್ಲಿ ಯಾವುದನ್ನು ಹಿಡಿದರೂ ಒಂದು ವರ್ಷದ ಕೆಲಸ ಇದೆ. ಮೂವರು ಸೇರಿದರೆ ಒಂದು ವಾದ್ಯವನ್ನೇ ಕಟ್ಟಬಹುದು. ನುಡಿಸಲು ಕಲಿಯೋದಕ್ಕೆ ಇನ್ನೊಂದಿಷ್ಟು ವರ್ಷ ಬೇಕು, ಅದು ಬೇರೆ ಮಾತು.

ಮುಂದಿನ ಸಲ ಚೌಡಯ್ಯ ಹಾಲ್‌ಗೆ ಹೋದಾಗ ಮೈಕ್ ಟೆಸ್ಟ್ ಮಾಡುವ ಮುಂಚೆ ಯಾರಾದರೂ ಒಬ್ಬರು ವೇದಿಕೆ ಮೇಲೆ ನಿಂತು ಬರೀ ಗಂಟಲಲ್ಲಿ ಒಂದು ಸಾಲು ಹಾಡಿ, ಇನ್ನೊಬ್ಬರು ಕೊನೆಯ ಸಾಲಿನಲ್ಲಿ ಕೂತು ಕೇಳಿ. ಎಷ್ಟು ಕೇಳಿಸಿತು ಅಂತ ನಮಗೆ ಬರೆದು ತಿಳಿಸಿ.